ತಾಯಿಗೆ ತಾಯಿಯ ಆಸರೆ

ಮನೆಯಲ್ಲಿ ಕೂಸು ಹುಟ್ಟಿತೆಂದರೆ ಅದು ಓಣಿಗೆಲ್ಲ ಹಬ್ಬ. ತೊಟ್ಟಿಲು ಕಟ್ಟುವವರು, ಹೆಸರು ಹುಡುಕುವವರು, ಸಕ್ಕರೆ ಹಂಚುವವರು, ಮೂಗು ತಂದೆಯದೋ ತಾಯಿಯದೋ ಎಂದು ವಾದಿಸುವವರು, ಎಲ್ಲರೂ ಅಲ್ಲಿ ನೆರೆಯುತ್ತಾರೆ. ಎಲ್ಲರ ಕಣ್ಣೂ ತೊಟ್ಟಿಲಿನ ಮೇಲೆಯೇ ಇರುತ್ತದೆ. ಪಕ್ಕದ ಹೊರಸಿನ ಮೇಲೆ ಮಲಗಿರುವ ತಾಯಿಯನ್ನು ‘ಊಟವಾಯಿತೆ? ಹಾಲು ಬರುತ್ತಿದೆಯೆ?’ ಎಂದು ಕೇಳುವವರೂ ಇರುತ್ತಾರೆ. ಆದರೆ ‘ನಿನ್ನ ಮನಸ್ಸು ಹೇಗಿದೆ?’ ಎಂದು ಕೇಳುವವರು ಬಲು ವಿರಳ. ಕೇಳದೆ ಉಳಿದುಹೋಗುವ ಈ ಒಂದು ಪ್ರಶ್ನೆಯನ್ನು ಕುರಿತೇ ಈ ಲೇಖನದಲ್ಲಿ ನಾವು ಕೆಲವು ಮಾತುಗಳನ್ನು ವಿವರಿಸಬಯಸುತ್ತೇವೆ.

ಶಾಲೆಯ ವಾರ್ಷಿಕ ಸಂಚಿಕೆಯಲ್ಲಿ ಬಾಣಂತಿಯರ ವಿಷಯವೇಕೆಂದು ಕೆಲವು ಪಾಲಕರಿಗೆ ಅನ್ನಿಸಬಹುದು. ಅದಕ್ಕೆ ಉತ್ತರ ನಮ್ಮ ಹಾಜರಿ ಪುಸ್ತಕದಲ್ಲಿಯೇ ಇದೆ. ಆರನೆಯ, ಏಳನೆಯ ತರಗತಿಯ ಹುಡುಗಿಯೊಬ್ಬಳು ಇದ್ದಕ್ಕಿದ್ದಂತೆ ವಾರಗಟ್ಟಲೆ ಶಾಲೆಗೆ ಬಾರದೆ ಹೋದಾಗ ವಿಚಾರಿಸಿದರೆ, ‘ಅವ್ವ ಹಡದಾಳ್ರಿ ಸರ್, ಕೂಸಿನ್ನ ನೋಡ್ಕೊಳ್ಳೋರು ಯಾರೂ ಇಲ್ಲ’ ಎಂಬ ಉತ್ತರ ಅನೇಕ ಸಲ ದೊರೆಯುತ್ತದೆ. ಇನ್ನೂ ಮೆಲ್ಲಗೆ ಕೇಳಿದರೆ, ‘ಅವ್ವ ಯಾರ ಜೋಡಿನೂ ಮಾತಾಡಲ್ರಿ, ಬರೇ ಅಳ್ತಾಳ್ರಿ’ ಎಂಬ ಮಾತೂ ಒಮ್ಮೊಮ್ಮೆ ಹೊರಬೀಳುತ್ತದೆ. ತಾಯಿಯ ಮನಸ್ಸು ಕುಗ್ಗಿದ ಮನೆಯಲ್ಲಿ ಕೂಸು ಸೊರಗುತ್ತದೆ, ದೊಡ್ಡ ಮಗುವಿನ ಓದು ನಿಲ್ಲುತ್ತದೆ, ಮನೆಯ ಬೆಳಕೇ ಮಂದವಾಗುತ್ತದೆ. ಆದುದರಿಂದ ಇದು ಶಾಲೆಗೆ ಸಂಬಂಧಪಡದ ವಿಷಯವೆಂದು ನಾವು ಭಾವಿಸುವಂತಿಲ್ಲ.

ನಮ್ಮ ಬಾಣಂತನದ ಪದ್ಧತಿ

ಝರಾಸಂಗಂ, ಜಹೀರಾಬಾದ್, ನಾರಾಯಣಖೇಡ, ತಾಂಡೂರುಗಳ ಈ ಸೀಮೆಯು ೧೯೫೬ರ ರಾಜ್ಯ ಪುನರ್ವಿಂಗಡಣೆಗೆ ಮೊದಲು ಬೀದರ ಮತ್ತು ಗುಲ್ಬರ್ಗಾ ಜಿಲ್ಲೆಗಳಿಗೆ ಸೇರಿತ್ತು. ಆಡಳಿತದ ಗಡಿ ಅಂದು ಬದಲಾಯಿತು. ಹೆಣ್ಣು ಕೊಡುವ ತರುವ ಸಂಬಂಧ ಬದಲಾಗಲಿಲ್ಲ. ಇಂದಿಗೂ ಬೀದರ, ಹುಮನಾಬಾದ, ಚಿಂಚೋಳಿಯ ಕಡೆಯ ಹೆಣ್ಣುಮಕ್ಕಳು ಇಲ್ಲಿಗೆ ಸೊಸೆಯರಾಗಿ ಬರುತ್ತಾರೆ. ಇಲ್ಲಿಯ ಹೆಣ್ಣುಮಕ್ಕಳು ಆ ಕಡೆಗೆ ಹೋಗುತ್ತಾರೆ. ಚೊಚ್ಚಲ ಹೆರಿಗೆಗೆ ತವರಿಗೆ ಬರುವ ಪದ್ಧತಿಯೂ ಉಳಿದುಕೊಂಡಿದೆ.

ನಮ್ಮ ಹಿರಿಯರು ರೂಢಿಸಿದ ಬಾಣಂತನದಲ್ಲಿ ಬಹಳ ವಿವೇಕವಿದೆ. ಎಣ್ಣೆ ನೀರು, ಬೆಚ್ಚನೆಯ ಕೋಣೆ, ಸಾಂಬ್ರಾಣಿಯ ಹೊಗೆ, ಅಂಟಿನ ಉಂಡೆ, ಸಬ್ಬಸಿಗೆ ಸೊಪ್ಪು, ಮನೆಗೆಲಸದಿಂದ ಬಿಡುವು ಇವೆಲ್ಲ ದಣಿದ ದೇಹಕ್ಕೆ ಆಸರೆ. ಆದರೆ ಆ ಪದ್ಧತಿಯ ನಿಜವಾದ ಬಲ ಬೇರೊಂದರಲ್ಲಿ ಇತ್ತೆಂದು ನಮಗೆ ತೋರುತ್ತದೆ. ಬಾಣಂತಿಯ ಸುತ್ತ ಸದಾ ಹೆಂಗಸರಿರುತ್ತಿದ್ದರು. ಮೈಗೆ ಎಣ್ಣೆ ಹಚ್ಚುತ್ತ ಸೂಲಗಿತ್ತಿ ಹತ್ತು ಮನೆಯ ಹೆರಿಗೆಯ ಕಥೆ ಹೇಳುತ್ತಿದ್ದಳು. ಆ ಕಥೆಗಳಲ್ಲಿ ‘ಇಂಥದು ನನಗೊಬ್ಬಳಿಗೇ ಆದದ್ದಲ್ಲ’ ಎಂಬ ಧೈರ್ಯ ಅಡಗಿರುತ್ತಿತ್ತು. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು ಶಾಲೆಯ ಮೆಟ್ಟಲು ಹತ್ತದೆ ಸಾವಿರಾರು ಹೆರಿಗೆಗಳನ್ನು ಮಾಡಿಸಿ ೨೦೧೮ರಲ್ಲಿ ಪದ್ಮಶ್ರೀ ಪುರಸ್ಕಾರವನ್ನು ಪಡೆದರು. ಅವರಂಥ ಹೆಂಗಸರು ಕೈಯ ನೈಪುಣ್ಯದ ಜೊತೆಗೆ ಮಾತಿನ ಸಾಂತ್ವನವನ್ನೂ ಮನೆಮನೆಗೆ ಒಯ್ಯುತ್ತಿದ್ದರು.

ಈಗ ಹೆರಿಗೆಗಳು ಬಹುಮಟ್ಟಿಗೆ ಆಸ್ಪತ್ರೆಯಲ್ಲಿ ಆಗುತ್ತವೆ. ಇದು ಅತ್ಯಂತ ಸಂತೋಷದ ಬದಲಾವಣೆ. ಎಷ್ಟೋ ತಾಯಂದಿರ, ಕೂಸುಗಳ ಪ್ರಾಣ ಇದರಿಂದ ಉಳಿದಿದೆ. ಆದರೆ ಆಸ್ಪತ್ರೆಯಿಂದ ಎರಡು ಮೂರು ದಿನಗಳಲ್ಲಿ ಮನೆಗೆ ಬಂದ ಮೇಲೆ ಆಕೆಯ ಬಳಿ ಕುಳಿತುಕೊಳ್ಳುವವರು ಕಡಿಮೆಯಾಗಿದ್ದಾರೆ. ಗಂಡ ಕಾರ್ಖಾನೆಯ ಪಾಳಿಗೆ ಹೋಗುತ್ತಾನೆ, ಅತ್ತೆ ಹೊಲಕ್ಕೆ ಹೋಗುತ್ತಾಳೆ. ಕಬ್ಬು ಕಡಿಯಲು ಊರು ಬಿಟ್ಟು ಹೋಗುವ ಕುಟುಂಬಗಳಲ್ಲಿ ಬಾಣಂತಿ ಗುಡಿಸಲಿನಲ್ಲಿ ಕೂಸಿನೊಡನೆ ಒಬ್ಬಳೇ ಉಳಿಯುವುದುಂಟು. ಪಟ್ಟಣದ ಬಾಡಿಗೆ ಮನೆಯಲ್ಲಿಯೂ ಇದೇ ಕಥೆ. ಹಳೆಯ ಬಳಗ ಕರಗಿತು. ಹೊಸ ಬಳಗ ಇನ್ನೂ ಕಟ್ಟಿಲ್ಲ. ಈ ನಡುವಿನ ಬರಿದಾದ ಜಾಗದಲ್ಲಿ ದುಃಖವು ಸುಲಭವಾಗಿ ಬೇರೂರುತ್ತದೆ.

ದುಃಖದ ಮೂರು ಬಗೆ

ಹೆರಿಗೆಯ ನಂತರ ಮನಸ್ಸಿಗೆ ಉಂಟಾಗುವ ತೊಂದರೆಗಳನ್ನು ವೈದ್ಯರು ಸಾಮಾನ್ಯವಾಗಿ ಮೂರು ಬಗೆಯಾಗಿ ವಿಂಗಡಿಸುತ್ತಾರೆ. ಇವುಗಳ ಭೇದವನ್ನು ಪ್ರತಿಯೊಬ್ಬ ಪಾಲಕರೂ ತಿಳಿದಿರುವುದು ಲೇಸು.

ಮೊದಲನೆಯದು ಅಲ್ಪಕಾಲದ ಅಳು. ಹೆರಿಗೆಯಾದ ಎರಡು ಮೂರು ದಿನಗಳಲ್ಲಿ ಆರಂಭವಾಗಿ ಹೆಚ್ಚೆಂದರೆ ಎರಡು ವಾರಗಳವರೆಗೆ ಇರುತ್ತದೆ. ಕಾರಣವಿಲ್ಲದೆ ಕಣ್ಣೀರು ಬರುತ್ತದೆ, ಸಣ್ಣ ಮಾತಿಗೆ ಸಿಟ್ಟು ಬರುತ್ತದೆ, ಮರುಕ್ಷಣವೇ ನಗುವೂ ಬರುತ್ತದೆ. ಅರ್ಧಕ್ಕಿಂತ ಹೆಚ್ಚಿನ ತಾಯಂದಿರಿಗೆ ಇದು ಆಗುತ್ತದೆ. ಇದಕ್ಕೆ ಔಷಧಿ ಬೇಕಿಲ್ಲ; ನಿದ್ರೆ, ಆಹಾರ ಹಾಗೂ ಒಳ್ಳೆಯ ಮಾತು ಸಾಕು.

ಎರಡನೆಯದು ಖಿನ್ನತೆ. ಅಳು ಎರಡು ವಾರಗಳನ್ನು ದಾಟಿಯೂ ನಿಲ್ಲುವುದಿಲ್ಲ. ಅಥವಾ ಮೊದಲು ಚೆನ್ನಾಗಿದ್ದವಳು ಎರಡು, ನಾಲ್ಕು, ಆರು ತಿಂಗಳ ನಂತರ ಕುಗ್ಗಿಹೋಗುತ್ತಾಳೆ. ಕೂಸು ಮಲಗಿದ್ದರೂ ಆಕೆಗೆ ನಿದ್ರೆ ಬರುವುದಿಲ್ಲ. ಊಟ ರುಚಿಸುವುದಿಲ್ಲ. ಮೊದಲು ಪ್ರಿಯವಾಗಿದ್ದ ಯಾವ ಕೆಲಸವೂ ಬೇಡವೆನಿಸುತ್ತದೆ. ‘ನಾನು ಒಳ್ಳೆಯ ತಾಯಿಯಲ್ಲ’ ಎಂಬ ಭಾವನೆ ಒಳಗೊಳಗೇ ಕೊರೆಯುತ್ತದೆ. ಕೂಸಿನ ಮುಖ ನೋಡಿದರೂ ಪ್ರೀತಿ ಉಕ್ಕುವುದಿಲ್ಲ; ಅದನ್ನು ಹೇಳಿಕೊಳ್ಳಲು ನಾಚಿಕೆ, ಹೇಳದಿದ್ದರೆ ಸಂಕಟ. ಭಾರತದಲ್ಲಿ ನಡೆದ ೩೮ ಅಧ್ಯಯನಗಳನ್ನು ಒಟ್ಟುಗೂಡಿಸಿ, ಇಪ್ಪತ್ತು ಸಾವಿರಕ್ಕೂ ಹೆಚ್ಚು ತಾಯಂದಿರ ವಿವರಗಳನ್ನು ಪರಿಶೀಲಿಸಿದ ವರದಿಯೊಂದು ೨೦೧೭ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದರ ಪ್ರಕಾರ ನೂರಕ್ಕೆ ಸುಮಾರು ೨೨ ತಾಯಂದಿರು ಈ ಖಿನ್ನತೆಯನ್ನು ಅನುಭವಿಸುತ್ತಾರೆ. ಎಂದರೆ ಐದು ಬಾಣಂತಿಯರಿರುವ ಓಣಿಯಲ್ಲಿ ಒಬ್ಬಳಾದರೂ ಈ ಭಾರವನ್ನು ಹೊತ್ತಿರುವ ಸಂಭವವಿದೆ.

ಮೂರನೆಯದು ಬಹಳ ವಿರಳ, ಆದರೆ ಬಹಳ ಭಯಂಕರ. ನಮ್ಮ ಹಿರಿಯರು ಇದನ್ನು ಬಾಣಂತಿ ಸನ್ನಿ ಎಂದು ಕರೆಯುತ್ತಿದ್ದರು. ಜ್ವರದಿಂದ ಬರುವ ಸನ್ನಿಯನ್ನೂ ಆ ಹೆಸರಿನಲ್ಲಿಯೇ ಸೇರಿಸುತ್ತಿದ್ದರು. ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ, ಬಹುತೇಕ ಮೊದಲ ಎರಡು ವಾರಗಳೊಳಗೆ, ಇದು ಥಟ್ಟನೆ ತಲೆದೋರುತ್ತದೆ. ತಾಯಿಯು ಇಲ್ಲದ ಧ್ವನಿಯನ್ನು ಕೇಳುತ್ತಾಳೆ, ಇಲ್ಲದುದನ್ನು ಕಾಣುತ್ತಾಳೆ, ರಾತ್ರಿಯಿಡೀ ಎಚ್ಚರವಿರುತ್ತಾಳೆ, ಕೂಸಿನ ವಿಷಯದಲ್ಲಿ ವಿಚಿತ್ರವಾದ ಮಾತುಗಳನ್ನಾಡುತ್ತಾಳೆ. ಇದು ತುರ್ತು ಸ್ಥಿತಿ. ಹಾವು ಕಚ್ಚಿದವರನ್ನು ಎಷ್ಟು ಬೇಗ ಆಸ್ಪತ್ರೆಗೆ ಒಯ್ಯುತ್ತೇವೆಯೋ ಅಷ್ಟೇ ಬೇಗ ಆಕೆಯನ್ನು ಒಯ್ಯಬೇಕು. ತಾಯಿ ಮತ್ತು ಕೂಸನ್ನು ಕ್ಷಣವೂ ಒಂಟಿಯಾಗಿ ಬಿಡಬಾರದು.

ಇದಕ್ಕೆ ಕಾರಣವೇನು?

ಗರ್ಭಿಣಿಯ ರಕ್ತದಲ್ಲಿ ಹೆಚ್ಚಾಗಿದ್ದ ಈಸ್ಟ್ರೋಜನ್, ಪ್ರೊಜೆಸ್ಟರೋನ್ ಎಂಬ ರಸಗಳು ಹೆರಿಗೆಯಾದ ಕೂಡಲೇ ಒಮ್ಮೆಗೇ ಇಳಿದುಹೋಗುತ್ತವೆ. ಇದರ ಪರಿಣಾಮ ಮಿದುಳಿನ ಮೇಲೂ ಆಗುತ್ತದೆ. ಅದರ ಮೇಲೆ ನಿದ್ರೆಗೇಡು, ರಕ್ತಹೀನತೆ, ಹೆರಿಗೆಯ ನೋವು. ಕೆಲವರಲ್ಲಿ ಥೈರಾಯ್ಡ್ ಗ್ರಂಥಿಯ ತೊಂದರೆಯೂ ಇದೇ ಲಕ್ಷಣಗಳನ್ನು ತೋರಿಸುತ್ತದೆ. ಆದುದರಿಂದ ರಕ್ತಪರೀಕ್ಷೆ ಮಾಡಿಸುವುದು ಉಚಿತ.

ದೇಹದ ಕಾರಣಗಳಷ್ಟೇ ಮನೆಯ ಕಾರಣಗಳೂ ಪ್ರಬಲವಾಗಿವೆ. ಗೋವೆಯಲ್ಲಿ ಡಾಕ್ಟರ್ ವಿಕ್ರಮ್ ಪಟೇಲ್ ಹಾಗೂ ಅವರ ಸಹೋದ್ಯೋಗಿಗಳು ನಡೆಸಿ ೨೦೦೨ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆರಿಗೆಯಾದ ಆರರಿಂದ ಎಂಟು ವಾರಗಳಲ್ಲಿ ನೂರಕ್ಕೆ ೨೩ ತಾಯಂದಿರು ಖಿನ್ನರಾಗಿದ್ದುದು ಕಂಡುಬಂದಿತು. ಬಡತನ, ಗಂಡಹೆಂಡಿರ ನಡುವಣ ಕಲಹ, ಗಂಡು ಮಗು ಬೇಕೆಂದಿದ್ದ ಮನೆಯಲ್ಲಿ ಹೆಣ್ಣು ಹುಟ್ಟಿದುದು, ಇವು ಆ ದುಃಖಕ್ಕೆ ಹತ್ತಿರದ ಸಂಬಂಧವುಳ್ಳವೆಂದು ಅವರು ತೋರಿಸಿಕೊಟ್ಟರು. ಈ ಮಾತನ್ನು ಪಾಲಕರು ಎರಡು ಸಲ ಓದಬೇಕೆಂದು ನಮ್ಮ ಪ್ರಾರ್ಥನೆ. ಹೆಣ್ಣು ಹುಟ್ಟಿತೆಂದು ಮುಖ ಸಿಂಡರಿಸಿದ ಆ ಒಂದು ಕ್ಷಣ ನಮಗೆ ಮರೆತುಹೋಗುತ್ತದೆ. ಹೊರಸಿನ ಮೇಲಿದ್ದವಳಿಗೆ ಮರೆಯುವುದಿಲ್ಲ.

ಸೋಮಾರಿತನ, ಸೊಕ್ಕು, ನಟನೆ ಎಂಬ ಮಾತುಗಳಿಂದ ಈ ಕಾಯಿಲೆಯನ್ನು ಹಳಿಯುವುದು ಅನ್ಯಾಯ. ಗಾಳಿ ಸೋಕಿತು, ದೃಷ್ಟಿ ತಾಗಿತು ಎಂದು ದಿನಗಳೆಯುವುದು ಅಪಾಯ. ನಮ್ಮೂರಿನ ಕೇತಕಿ ಸಂಗಮೇಶ್ವರನ ಸನ್ನಿಧಿಗೆ ದೂರದ ಊರುಗಳಿಂದ ಭಕ್ತರು ಬರುತ್ತಾರೆ. ದೇವರಿಗೆ ಕಾಯಿ ಒಡೆಯಿಸುವುದನ್ನು ನಾವು ಬೇಡವೆನ್ನುವುದಿಲ್ಲ. ಕಾಯಿ ಒಡೆಯಿಸಿದ ದಿನವೇ ವೈದ್ಯರನ್ನೂ ಕಾಣಿರಿ ಎಂದಷ್ಟೇ ನಮ್ಮ ವಿನಂತಿ. ಭಕ್ತಿಗೂ ಚಿಕಿತ್ಸೆಗೂ ವಿರೋಧವೇನೂ ಇಲ್ಲ.

ಗುರುತಿಸುವುದು ಹೇಗೆ?

ಜ್ವರವನ್ನು ಅಳೆಯಲು ಥರ್ಮಾಮೀಟರು ಇರುವಂತೆ, ಈ ದುಃಖವನ್ನು ಅಳೆಯಲೂ ಒಂದು ಸಾಧನವಿದೆ. ಜಾನ್ ಕಾಕ್ಸ್, ಜೆನಿ ಹೋಲ್ಡನ್, ರೂತ್ ಸಗೋವ್ಸ್ಕಿ ಎಂಬ ಮೂವರು ೧೯೮೭ರಲ್ಲಿ ಸಿದ್ಧಪಡಿಸಿದ ಎಡಿನ್‌ಬರೋ ಪ್ರಶ್ನಾವಳಿಯೇ ಅದು. ಅದರಲ್ಲಿ ೧೦ ಪ್ರಶ್ನೆಗಳು, ಪ್ರತಿಯೊಂದಕ್ಕೂ ೦ಯಿಂದ ೩ರವರೆಗೆ ಅಂಕ, ಒಟ್ಟು ೩೦. ಕಳೆದ ಏಳು ದಿನಗಳಲ್ಲಿ ನಗಲು ಸಾಧ್ಯವಾಯಿತೆ, ವಿನಾಕಾರಣ ಭಯವಾಯಿತೆ, ತನ್ನನ್ನು ತಾನೇ ದೂಷಿಸಿಕೊಂಡೆಯಾ, ದುಃಖದಿಂದ ನಿದ್ರೆ ಕೆಟ್ಟಿತೆ, ತನಗೆ ಹಾನಿ ಮಾಡಿಕೊಳ್ಳುವ ಯೋಚನೆ ಬಂದಿತೆ ಎಂಬ ಬಗೆಯವು ಆ ಪ್ರಶ್ನೆಗಳು. ಹೆಚ್ಚು ಅಂಕ ಬಂದವರನ್ನು ವೈದ್ಯರು ಮತ್ತೆ ವಿವರವಾಗಿ ಪರೀಕ್ಷಿಸುತ್ತಾರೆ. ಪರೀಕ್ಷೆಯ ಅಂಕಗಳೆಂದರೆ ನಮ್ಮ ವಿದ್ಯಾರ್ಥಿಗಳಿಗೆ ಗೊತ್ತು; ಆದರೆ ಇಲ್ಲಿ ಅಂಕ ಹೆಚ್ಚಿದಷ್ಟೂ ಸಹಾಯದ ಅಗತ್ಯ ಹೆಚ್ಚು. ಈ ಪ್ರಶ್ನಾವಳಿಯ ಕನ್ನಡ ರೂಪವನ್ನೂ ಕರ್ನಾಟಕದ ಗ್ರಾಮಾಂತರದಲ್ಲಿ ಬಳಸಿ ಪರೀಕ್ಷಿಸಲಾಗಿದೆ.

ಭಾಷೆಯ ಮಾತು ಇಲ್ಲಿ ಅಪ್ರಸ್ತುತವಲ್ಲ. ನಮ್ಮ ಸೀಮೆಯಲ್ಲಿ ಆಸ್ಪತ್ರೆಯ ವ್ಯವಹಾರ ಬಹುಮಟ್ಟಿಗೆ ತೆಲುಗಿನಲ್ಲಿ ನಡೆಯುತ್ತದೆ. ಕನ್ನಡ ಸೀಮೆಯಿಂದ ಹೊಸದಾಗಿ ಬಂದ ಸೊಸೆ ‘ಹೊಟ್ಟೆ ನೋವು’ ಎಂಬುದನ್ನು ಹೇಗೋ ತಿಳಿಸಬಲ್ಲಳು. ‘ಒಳಗೆಲ್ಲ ಖಾಲಿಯಾದ ಹಾಗೆ ಅನಿಸುತ್ತದೆ’ ಎಂಬುದನ್ನು ಕಲಿತ ಭಾಷೆಯಲ್ಲಿ ಹೇಳುವುದು ಹೇಗೆ? ದುಃಖವು ತಾಯ್ನುಡಿಯಲ್ಲಿಯೇ ಬಾಯಿಬಿಡುತ್ತದೆ. ಆಕೆಯ ನುಡಿಯನ್ನಾಡುವ ಇನ್ನೊಬ್ಬ ಹೆಂಗಸು ಬಳಿಯಲ್ಲಿದ್ದರೆ ಅರ್ಧ ಭಾರ ಅಲ್ಲಿಯೇ ಇಳಿಯುತ್ತದೆ. ಇಲ್ಲಿಂದಲೇ ನಮ್ಮ ಮುಖ್ಯ ವಿಷಯ ಆರಂಭವಾಗುತ್ತದೆ.

ಸಖಿಯ ಆಸರೆ

ವೈದ್ಯರು ಬೇಕು, ಔಷಧಿಯೂ ಬೇಕಾಗಬಹುದು. ಆದರೆ ಮನೋವೈದ್ಯರು ಪ್ರತಿ ಹಳ್ಳಿಯಲ್ಲಿ ದೊರೆಯುವುದಿಲ್ಲ. ಪ್ರತಿ ಹಳ್ಳಿಯಲ್ಲಿಯೂ ದೊರೆಯುವವರು ಯಾರು? ಹೆತ್ತು, ಅತ್ತು, ಆ ದಿನಗಳನ್ನು ದಾಟಿ ಬಂದ ತಾಯಂದಿರು. ಇವರಿಗೆ ಸ್ವಲ್ಪ ತರಬೇತಿ ಕೊಟ್ಟು ಹೊಸ ತಾಯಂದಿರ ಬಳಿಗೆ ಕಳುಹಿಸಿದರೆ ಏನಾಗುತ್ತದೆ? ಈ ಪ್ರಶ್ನೆಯನ್ನು ಹಲವು ದೇಶಗಳಲ್ಲಿ ಕ್ರಮಬದ್ಧವಾಗಿ ಪರೀಕ್ಷಿಸಿ ನೋಡಿದ್ದಾರೆ.

ಕೆನಡಾ ದೇಶದ ಒಂಟಾರಿಯೊ ಪ್ರಾಂತದಲ್ಲಿ, ಖಿನ್ನತೆಗೆ ಒಳಗಾಗುವ ಸಂಭವ ಹೆಚ್ಚಾಗಿದ್ದ ೭೦೧ ತಾಯಂದಿರನ್ನು ಎರಡು ಗುಂಪುಗಳಾಗಿ ಮಾಡಿದರು. ಒಂದು ಗುಂಪಿನವರಿಗೆ, ಹಿಂದೆ ಇದೇ ಖಿನ್ನತೆಯಿಂದ ನರಳಿ ಗುಣಹೊಂದಿದ್ದ ಸ್ವಯಂಸೇವಕ ತಾಯಂದಿರು ದೂರವಾಣಿಯಲ್ಲಿ ಮಾತನಾಡುತ್ತಿದ್ದರು. ಆ ಸ್ವಯಂಸೇವಕಿಯರಿಗೆ ಕೊಟ್ಟ ತರಬೇತಿ ಕೇವಲ ೪ ಗಂಟೆಗಳದು. ಹನ್ನೆರಡು ವಾರಗಳ ತರುವಾಯ ನೋಡಿದಾಗ, ಮಾತಿನ ಆಸರೆ ದೊರೆತ ಗುಂಪಿನಲ್ಲಿ ನೂರಕ್ಕೆ ೧೪ ಮಂದಿಯಲ್ಲಿ ಖಿನ್ನತೆಯ ಲಕ್ಷಣಗಳಿದ್ದವು. ದೊರೆಯದ ಗುಂಪಿನಲ್ಲಿ ೨೫. ಇದು ೨೦೦೯ರಲ್ಲಿ ಪ್ರಕಟವಾದ ಫಲಿತಾಂಶ.

ನೆರೆಯ ಪಾಕಿಸ್ತಾನದ ರಾವಲ್ಪಿಂಡಿಯ ಹಳ್ಳಿಗಳಲ್ಲಿ ಡಾಕ್ಟರ್ ಆತಿಫ್ ರಹಮಾನ್ ಅವರ ತಂಡ, ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತೆಯರಿಗೇ ಈ ಕೆಲಸವನ್ನು ಕಲಿಸಿತು. ಬೇಸರದ ಯೋಚನೆಯನ್ನು ಗುರುತಿಸುವುದು, ಅದರ ಬದಲಿಗೆ ಉಪಯುಕ್ತವಾದ ಯೋಚನೆಯನ್ನು ತಂದುಕೊಳ್ಳುವುದು, ಅದರಂತೆ ಒಂದು ಸಣ್ಣ ಕೆಲಸವನ್ನು ಮಾಡಿ ನೋಡುವುದು, ಇಷ್ಟೇ ಅದರ ಸಾರ. ೨೦೦೮ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಕೂಸಿಗೆ ಆರು ತಿಂಗಳಾದಾಗ ಈ ನೆರವು ಪಡೆದವರಲ್ಲಿ ನೂರಕ್ಕೆ ೨೩ ಮಂದಿ ಮಾತ್ರ ಖಿನ್ನರಾಗಿ ಉಳಿದಿದ್ದರು. ನೆರವು ಪಡೆಯದವರಲ್ಲಿ ೫೩. ಮುಂದೆ ೨೦೧೫ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಈ ಕ್ರಮವನ್ನು ಕೈಪಿಡಿಯಾಗಿ ಪ್ರಕಟಿಸಿತು.

ಇದೇ ಕ್ರಮವನ್ನು ಗೋವೆಯಲ್ಲಿ ಸಾಮಾನ್ಯ ತಾಯಂದಿರ ಕೈಗೇ ಕೊಟ್ಟು ನೋಡಿದರು. ಅಲ್ಲಿ ಅವರಿಗೆ ‘ಸಖಿ’ ಎಂಬ ಅಂದವಾದ ಹೆಸರು. ಖಿನ್ನರಾಗಿದ್ದ ೨೮೦ ಗರ್ಭಿಣಿಯರ ಮೇಲೆ ನಡೆದ ಈ ಪ್ರಯೋಗದ ಫಲ ೨೦೧೯ರಲ್ಲಿ ಹೊರಬಂದಿತು. ಸಖಿಯರು ಗರ್ಭಾವಸ್ಥೆಯಿಂದ ಹಿಡಿದು ಕೂಸಿಗೆ ಆರು ತಿಂಗಳಾಗುವವರೆಗೆ ಭೇಟಿ ಕೊಟ್ಟ ತಾಯಂದಿರಲ್ಲಿ ಗುಣಹೊಂದಿದವರ ಸಂಖ್ಯೆ ಹೆಚ್ಚಾಗಿತ್ತು. ಅಂತರವು ರಾವಲ್ಪಿಂಡಿಯಷ್ಟು ದೊಡ್ಡದಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಸಖಿಯು ಮಂತ್ರದಂಡವನ್ನು ಹಿಡಿದವಳಲ್ಲ. ಆದರೆ ಖರ್ಚು ಕಡಿಮೆಯಾದ, ಎಲ್ಲೆಡೆಯೂ ದೊರೆಯುವ ಆಸರೆ ಅವಳು.

ನಾಲ್ಕನೆಯ ಉದಾಹರಣೆ ಝಾರ್ಖಂಡ ಮತ್ತು ಒಡಿಶಾ ರಾಜ್ಯಗಳ ಬುಡಕಟ್ಟಿನ ಜನರ ನಡುವಿನದು. ಏಕಜುಟ್ ಎಂಬ ಸಂಸ್ಥೆ ಅಲ್ಲಿ ಹೆಂಗಸರನ್ನು ತಿಂಗಳಿಗೊಮ್ಮೆ ಒಂದೆಡೆ ಕೂಡಿಸಿತು. ಅವರು ಕಥೆ, ಚಿತ್ರ, ಆಟಗಳ ಮೂಲಕ ಬಸಿರು ಬಾಣಂತನದ ತೊಂದರೆಗಳನ್ನು ತಾವೇ ಚರ್ಚಿಸಿ, ಪರಿಹಾರಗಳನ್ನು ತಾವೇ ಹುಡುಕಿದರು. ೨೦೧೦ರಲ್ಲಿ ಪ್ರಕಟವಾದ ವರದಿಯಂತೆ, ಇಂಥ ಕೂಟಗಳಿದ್ದ ಪ್ರದೇಶದಲ್ಲಿ ನವಜಾತ ಶಿಶುಗಳ ಮರಣ ನೂರಕ್ಕೆ ೩೨ರಷ್ಟು ಕಡಿಮೆಯಾಗಿತ್ತು. ತಾಯಂದಿರ ಖಿನ್ನತೆಯಲ್ಲಿ ಮೊದಲು ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಮೂರನೆಯ ವರ್ಷದಲ್ಲಿ ಮಾತ್ರ ಮಧ್ಯಮ ಪ್ರಮಾಣದ ಖಿನ್ನತೆ ನೂರಕ್ಕೆ ೫೭ರಷ್ಟು ಇಳಿದಿತ್ತು. ಇದರಿಂದ ಎರಡು ಪಾಠಗಳನ್ನು ಕಲಿಯಬಹುದು: ಕೂಡಿ ಕುಳಿತರೆ ಫಲವಿದೆ, ಆದರೆ ಫಲ ಬರಲು ತಾಳ್ಮೆ ಬೇಕು.

ಸಖಿಯಾದವಳು ಮಾಡಬೇಕಾದುದು

ಮೊದಲನೆಯದಾಗಿ, ಕೇಳಿಸಿಕೊಳ್ಳಬೇಕು. ‘ಅಯ್ಯೋ, ನಾವು ಏಳು ಹಡೆದೆವು, ನಮಗೇನೂ ಆಗಲಿಲ್ಲ’ ಎಂಬ ಮಾತು ಬಾಯಿಗೆ ಬರಬಾರದು. ‘ನನಗೂ ಹೀಗೇ ಆಗಿತ್ತು ತಂಗಿ, ಕೂಸಿನ ಮಾರಿ ನೋಡಿದರೂ ಅಳು ಬರ್ತಿತ್ತು, ಆಮ್ಯಾಲ ಹೋಯ್ತು’ ಎಂಬ ಒಂದು ಮಾತು ಹತ್ತು ಉಪದೇಶಗಳಿಗೆ ಸಮ. ವೈದ್ಯರು ಹೇಳಲಾರದ ಮಾತು ಇದು; ಅನುಭವಿಸಿದವಳು ಮಾತ್ರ ಹೇಳಬಲ್ಲಳು. ತನಗಾದುದು ತನಗೊಬ್ಬಳಿಗೇ ಆದ ಅವಮಾನವಲ್ಲವೆಂದು ಬಾಣಂತಿಗೆ ಅದರಿಂದ ಮನವರಿಕೆಯಾಗುತ್ತದೆ.

ಎರಡನೆಯದಾಗಿ, ಕೇಳಿದ ಗುಟ್ಟನ್ನು ಕಾಪಾಡಬೇಕು. ಹೊರಸಿನ ಬಳಿ ಹೇಳಿದ ಮಾತು ಬಾವಿಕಟ್ಟೆಗೆ ಬಂದಿತೆಂದರೆ ಆ ತಾಯಿ ಮತ್ತೆ ಬಾಯಿ ತೆರೆಯಲಾರಳು. ಆದರೆ ಪ್ರಾಣಾಪಾಯದ ಮಾತನ್ನು ಮಾತ್ರ ಗುಟ್ಟಾಗಿಡಬಾರದು. ಅದನ್ನು ಮನೆಯವರಿಗೂ ಆಶಾ ಕಾರ್ಯಕರ್ತೆಗೂ ಕೂಡಲೇ ತಿಳಿಸತಕ್ಕದ್ದು.

ಮೂರನೆಯದಾಗಿ, ಕೈಗೆ ಎಟಕುವ ಸಣ್ಣ ಸಹಾಯ ಮಾಡಬೇಕು. ಎರಡು ಗಂಟೆ ಕೂಸನ್ನು ಎತ್ತಿಕೊಂಡು ತಾಯಿಗೆ ನಿದ್ರೆ ಮಾಡಗೊಡುವುದು ದೊಡ್ಡ ಔಷಧಿ. ಜೊತೆಗೆ ಕುಳಿತು ಊಟ ಮಾಡಿಸುವುದು, ಸಂಜೆ ಅಂಗಳದವರೆಗೆ ನಡೆದಾಡಿಸುವುದು, ಹಾಲೂಡಿಸುವಾಗ ಕೂಸನ್ನು ಹಿಡಿಯುವ ಬಗೆಯನ್ನು ತೋರಿಸುವುದು, ಇವೂ ಚಿಕಿತ್ಸೆಯ ಭಾಗಗಳೇ.

ನಾಲ್ಕನೆಯದಾಗಿ, ತನ್ನ ಮಿತಿಯನ್ನು ಅರಿಯಬೇಕು. ಸಖಿಯು ವೈದ್ಯಳಲ್ಲ, ಔಷಧಿ ಹೇಳಬಾರದು, ವೈದ್ಯರು ಕೊಟ್ಟ ಔಷಧಿಯನ್ನು ನಿಲ್ಲಿಸಲೂ ಹೇಳಬಾರದು. ಹಾಲೂಡಿಸುವ ತಾಯಂದಿರೂ ವೈದ್ಯರ ಸಲಹೆಯಂತೆ ತೆಗೆದುಕೊಳ್ಳಬಹುದಾದ ಔಷಧಿಗಳು ಇವೆ.

ನಮ್ಮ ಸೀಮೆಯಲ್ಲಿ ಇದು ಸಾಧ್ಯವೆ?

ಸಾಧ್ಯವೆಂದು ನಾವು ದೃಢವಾಗಿ ನಂಬಿದ್ದೇವೆ. ಹೆಂಗಸರು ಕೂಡಿ ಕುಳಿತು ಕೆಲಸ ಸಾಧಿಸುವುದು ನಮ್ಮ ಸೀಮೆಗೆ ಹೊಸದಲ್ಲ. ೧೯೮೩ರಲ್ಲಿ ಆರಂಭವಾದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಆಶ್ರಯದಲ್ಲಿ ಜಹೀರಾಬಾದ್ ಸುತ್ತಣ ಹಳ್ಳಿಗಳ ಬಡ ಹೆಂಗಸರು, ಅವರಲ್ಲಿ ಬಹುಮಂದಿ ದಲಿತರು, ಸಂಘಗಳನ್ನು ಕಟ್ಟಿಕೊಂಡರು; ಪಾಳುಬಿದ್ದ ಹೊಲಗಳಲ್ಲಿ ಜೋಳ, ನವಣೆ, ಸಜ್ಜೆಗಳನ್ನು ಬೆಳೆದರು; ಬೀಜಗಳನ್ನು ಕಾಪಾಡಿದರು. ನಮ್ಮ ಝರಾಸಂಗಂ ಮಂಡಲದ ಮಾಚನೂರಿನಲ್ಲಿಯೇ ೨೦೦೮ರ ಅಕ್ಟೋಬರ್ ೧೫ರಂದು ಈ ಹೆಂಗಸರ ‘ಸಂಘಂ ರೇಡಿಯೊ’ ಆರಂಭವಾಯಿತು. ಅಕ್ಷರ ಬಾರದ ಹೆಂಗಸರು ಬೀಜದ ವಿಷಯವನ್ನೂ ಬಾನುಲಿಯ ಯಂತ್ರವನ್ನೂ ಕಲಿತು ನಡೆಸಬಲ್ಲರೆಂದ ಮೇಲೆ, ನೆರೆಮನೆಯ ಬಾಣಂತಿಯ ಬಳಿ ವಾರಕ್ಕೊಂದು ಸಲ ಕುಳಿತು ಮಾತನಾಡುವುದನ್ನು ಕಲಿಯಲಾರರೆ?

ಸರಕಾರದ ವ್ಯವಸ್ಥೆಯೂ ಅರ್ಧ ದಾರಿಯವರೆಗೆ ಬಂದು ನಿಂತಿದೆ. ಆಸ್ಪತ್ರೆಯಲ್ಲಿ ಹೆರಿಗೆಯಾದ ತಾಯಿಯ ಮನೆಗೆ ಆಶಾ ಕಾರ್ಯಕರ್ತೆಯು ೩, ೭, ೧೪, ೨೧, ೨೮ ಮತ್ತು ೪೨ನೆಯ ದಿನಗಳಂದು ಭೇಟಿ ಕೊಡಬೇಕೆಂಬ ನಿಯಮವಿದೆ. ಅವಳು ಕೂಸಿನ ತೂಕ, ಮೈಬಿಸಿ, ಹೊಕ್ಕಳನ್ನು ನೋಡುತ್ತಾಳೆ. ಆ ಆರು ಭೇಟಿಗಳಲ್ಲಿ ‘ಮನಸ್ಸು ಹೇಗಿದೆ?’ ಎಂಬ ಏಳನೆಯ ಮಾತನ್ನು ಸೇರಿಸುವುದು ಕಷ್ಟವಲ್ಲ. ಖಿನ್ನತೆಯು ೪೨ ದಿನಗಳ ನಂತರವೂ ತಲೆದೋರಬಹುದಾದುದರಿಂದ, ಅಲ್ಲಿಂದ ಮುಂದಿನ ತಿಂಗಳುಗಳನ್ನು ಓಣಿಯ ಸಖಿಯು ವಹಿಸಿಕೊಳ್ಳಬಹುದು. ಅಂಗನವಾಡಿಯಲ್ಲಿ ತಿಂಗಳಿಗೊಮ್ಮೆ ಗರ್ಭಿಣಿಯರು, ಬಾಣಂತಿಯರು, ಹಿರಿಯ ತಾಯಂದಿರು ಒಂದು ಗಂಟೆ ಕೂಡಿ ಕುಳಿತರೆ ಅದಕ್ಕೆ ದುಡ್ಡು ಬೇಕಿಲ್ಲ, ಕಟ್ಟಡವೂ ಬೇಕಿಲ್ಲ. ಕನ್ನಡದವರು, ತೆಲುಗಿನವರು, ಉರ್ದು, ಮರಾಠಿಯವರು ಒಂದೇ ಓಣಿಯಲ್ಲಿ ಬಾಳುವ ಊರು ನಮ್ಮದು. ಬಾಣಂತಿಗೆ ಆಕೆಯ ನುಡಿಯ ಸಖಿಯನ್ನು ಜೊತೆಮಾಡುವುದನ್ನು ಮಾತ್ರ ಮರೆಯಬಾರದು.

ವೈದ್ಯರ ಬಳಿಗೆ ಯಾವಾಗ?

ದುಃಖ ಎರಡು ವಾರಗಳನ್ನು ಮೀರಿದರೆ, ಊಟ ನಿದ್ರೆಗಳು ಕೆಟ್ಟರೆ, ಕೂಸನ್ನು ನೋಡಿಕೊಳ್ಳಲು ಆಗದೆ ಹೋದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಬೇಕು. ‘ನಾನಿದ್ದೇನು ಪ್ರಯೋಜನ’ ಎಂಬ ಮಾತು ಬಾಯಿಂದ ಬಂದರೆ ಅದನ್ನು ಎಂದೂ ಹಗುರವಾಗಿ ಎಣಿಸದೆ ಅಂದೇ ಹೊರಡಬೇಕು. ಭಾರತ ಸರಕಾರವು ೨೦೨೨ರ ಅಕ್ಟೋಬರ್ ೧೦ರಂದು ಆರಂಭಿಸಿದ ಟೆಲಿ ಮಾನಸ್ ಎಂಬ ದೂರವಾಣಿ ಸೇವೆಯ ಸಂಖ್ಯೆ ೧೪೪೧೬. ಹಗಲಿರುಳೂ ಉಚಿತವಾಗಿ ದೊರೆಯುವ ಈ ಸೇವೆಯಲ್ಲಿ ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಮಾತನಾಡಬಹುದು. ವಿದ್ಯಾರ್ಥಿಗಳು ಈ ಸಂಖ್ಯೆಯನ್ನು ತಮ್ಮ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಟ್ಟುಕೊಳ್ಳಲಿ.

ಆಸ್ಪತ್ರೆಗೆ ಸೇರಿಸಿದರೆ ಕೂಸನ್ನು ಅಗಲಿಸುತ್ತಾರೆಂಬ ಭಯದಿಂದಲೇ ಕೆಲವರು ಹಿಂಜರಿಯುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ೨೦೦೯ರಲ್ಲಿಯೇ ತಾಯಿ ಮತ್ತು ಕೂಸು ಇಬ್ಬರನ್ನೂ ಒಟ್ಟಿಗೆ ಇರಿಸಿಕೊಂಡು ಚಿಕಿತ್ಸೆ ಮಾಡುವ ವಿಭಾಗ ತೆರೆಯಲ್ಪಟ್ಟಿತು. ೨೦೧೭ರ ಮಾನಸಿಕ ಆರೋಗ್ಯ ಕಾಯಿದೆಯು, ಚಿಕಿತ್ಸೆ ಪಡೆಯುವ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಅಗಲಿಸಬಾರದೆಂದು ವಿಧಿಸಿದೆ. ಕಾಯಿಲೆ ಗುಣವಾಗುವಂಥದು; ಚಿಕಿತ್ಸೆ ಪಡೆದವರಲ್ಲಿ ಬಹುಮಂದಿ ಪೂರ್ತಿಯಾಗಿ ಚೇತರಿಸಿಕೊಳ್ಳುತ್ತಾರೆ.

ಪಾಲಕರಿಗೂ ವಿದ್ಯಾರ್ಥಿಗಳಿಗೂ

ಗಂಡಂದಿರಿಗೆ ನಮ್ಮ ಮಾತಿದು. ರಾತ್ರಿ ಕೂಸು ಅತ್ತರೆ ಒಂದು ಸಲ ನೀವೂ ಎದ್ದು ಎತ್ತಿಕೊಳ್ಳಿರಿ. ಇದರಿಂದ ಗಂಡಸುತನಕ್ಕೆ ಕುಂದಿಲ್ಲ. ಕುಡಿತದ ಮನೆಯಲ್ಲಿ ಬಾಣಂತಿಗೆ ನೆಮ್ಮದಿಯಿಲ್ಲವೆಂಬುದನ್ನು ನೆನಪಿಡಿರಿ. ಅತ್ತೆಯಂದಿರಿಗೆ ನಮ್ಮ ಬಿನ್ನಹ: ನೀವು ಸೊಸೆಯಾಗಿದ್ದಾಗ ಯಾವ ಒಂದು ಒಳ್ಳೆಯ ಮಾತಿಗಾಗಿ ಹಂಬಲಿಸಿದ್ದಿರೋ, ಆ ಮಾತನ್ನು ಇಂದು ನಿಮ್ಮ ಸೊಸೆಗೆ ಆಡಿರಿ. ಮನೆಯ ಮೊದಲ ಸಖಿ ನೀವೇ ಆಗಬಲ್ಲಿರಿ.

ವಿದ್ಯಾರ್ಥಿಗಳೇ, ನಿಮ್ಮ ಮನೆಯಲ್ಲಿ ಅವ್ವ, ಅಕ್ಕ, ಅತ್ತಿಗೆ ಬಾಣಂತಿಯಾಗಿದ್ದರೆ ಶಾಲೆಯಿಂದ ಬಂದ ಮೇಲೆ ಸ್ವಲ್ಪ ಹೊತ್ತು ಅವರ ಬಳಿ ಕುಳಿತುಕೊಳ್ಳಿರಿ. ನೀರು ತಂದುಕೊಡಿರಿ, ಕೂಸನ್ನು ತೂಗಿರಿ. ಈ ಕೆಲಸ ಗಂಡುಮಕ್ಕಳಿಗೂ ಸೇರಿದ್ದು. ಅವರು ಬಹಳ ಅಳುತ್ತಿದ್ದರೆ ಅದು ನಿಮ್ಮ ತಪ್ಪಲ್ಲ, ಅವರ ತಪ್ಪೂ ಅಲ್ಲ. ದೊಡ್ಡವರಿಗೆ ಅಥವಾ ನಿಮ್ಮ ಗುರುಗಳಿಗೆ ತಿಳಿಸಿರಿ. ಮನೆಯ ಭಾರವನ್ನೆಲ್ಲ ಹೊರಲು ಶಾಲೆಯನ್ನು ಬಿಡಬೇಡಿರಿ. ಕೂಸಿನ ಕಾರಣದಿಂದ ಹೆಣ್ಣುಮಗುವಿನ ಓದು ನಿಲ್ಲುವಂತಿದ್ದರೆ ಪಾಲಕರು ನಮ್ಮೊಡನೆ ಮಾತನಾಡಲಿ. ದಾರಿಯನ್ನು ಕೂಡಿಯೇ ಹುಡುಕೋಣ.

ಬಾವಿಯಿಂದ ತುಂಬಿದ ಕೊಡವನ್ನು ಮೇಲಕ್ಕೆತ್ತುವಾಗ ಪಕ್ಕದವಳು ಹಗ್ಗಕ್ಕೆ ಒಂದು ಕೈ ಹಾಕಿದರೆ ಭಾರ ಅರ್ಧವಾಗುತ್ತದೆ. ಇದನ್ನು ನಮ್ಮ ತಾಯಂದಿರಿಗೆ ಯಾರೂ ಕಲಿಸಬೇಕಾಗಿಲ್ಲ. ಆ ಕೈಯನ್ನೇ ಬಾಣಂತಿಯ ಮನಸ್ಸಿನ ಭಾರಕ್ಕೂ ನೀಡಬೇಕೆಂಬುದಷ್ಟೇ ನಮ್ಮ ಕೋರಿಕೆ. ಈ ಸಂಚಿಕೆಯನ್ನು ಓದಿದ ಪ್ರತಿಯೊಂದು ಮನೆಯವರೂ ಈ ವರ್ಷ ತಮ್ಮ ಓಣಿಯ ಒಬ್ಬ ಬಾಣಂತಿಯ ಬಳಿ ಕುಳಿತು, ಆಕೆಯ ಮಾತನ್ನು ಕೊನೆಯವರೆಗೆ ಕೇಳಿಸಿಕೊಂಡರೆ ನಮ್ಮ ಶ್ರಮ ಸಾರ್ಥಕವಾಯಿತೆಂದು ಭಾವಿಸುತ್ತೇವೆ.